ಕಾಶಿಯಲ್ಲಿ ಬಿಟ್ಟ ಹಣ್ಣು

ಮೇ ತಿಂಗಳಲ್ಲಿ ನಮ್ಮ ಲ್ಯಾಬಿಗೆ ಬರುವವರ ಬೆರಳುಗಳನ್ನು ನೀವೊಮ್ಮೆ ನೋಡಬೇಕು. ಚಿತ್ರದುರ್ಗದಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಹೊಟ್ಟೆಪಾಡು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಬೆಂಚಿನ ಮೇಲೆ ಸಾಲಾಗಿ ಕುಳಿತವರ ಬೆರಳು ಹಿಡಿದು, ಸ್ಪಿರಿಟ್ ಒರೆಸಿ, ಸೂಜಿ ಚುಚ್ಚಿ, ಒಂದು ಹನಿ ತೆಗೆದು ಸಕ್ಕರೆ ಎಷ್ಟಿದೆ ಎಂದು ಹೇಳಬೇಕು. ಮಿಕ್ಕ ತಿಂಗಳುಗಳಲ್ಲಿ ಬೆರಳು ಬರೀ ಬೆರಳು. ಮಾವಿನ ಕಾಲದಲ್ಲಿ ಮಾತ್ರ ಉಗುರಿನ ಸಂದಿಯಲ್ಲಿ ತೆಳ್ಳಗೆ ಒಂದು ಹಳದಿ ಗೆರೆ ಕಾಣುತ್ತದೆ. ಸ್ಪಿರಿಟ್ಟಿನ ವಾಸನೆಯನ್ನೂ ದಾಟಿಕೊಂಡು ಒಂದು ಘಮ ಬರುತ್ತದೆ.

ಮೊನ್ನೆ ಮದಕರಿಪುರದ ಕಡೆಯ ಯಜಮಾನರೊಬ್ಬರು ಬಂದಿದ್ದರು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೇ?" ಎಂದೆ.

"ಹನಿ ನೀರೂ ಕುಡ್ದಿಲ್ಲ ಕಣವ್ವಾ," ಎಂದರು.

"ಮತ್ತೆ ಉಗುರಲ್ಲಿ ಇದೇನು ಯಜಮಾನ್ರೇ?"

ಅವರು ಉಗುರನ್ನು ಬೇರೆ ಯಾರದೋ ಎಂಬಂತೆ ನೋಡಿದರು. "ಅರಿಶಿಣ ಕಣವ್ವಾ. ನಮ್ಮ ಎತ್ತಿಗೆ ಗಾಯ ಆಗಿತ್ತು, ಹಚ್ಚಿದ್ದೆ."

ಆ ಎತ್ತಿನ ಅರಿಶಿಣ ಒಳ್ಳೆ ಬಾದಾಮಿ ಮಾವಿನ ವಾಸನೆ ಹೊಡೆಯುತ್ತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ವರದಿ ಕೈಗೆ ಕೊಟ್ಟಾಗ ಅವರು ಅಂಕಿಯನ್ನು ನೋಡಲೇ ಇಲ್ಲ, ಮಡಚಿ ಜೇಬಿಗಿಟ್ಟುಕೊಂಡರು. ನಾನು ಬೈಯಲಿಲ್ಲ. ಬೈಯುವುದಕ್ಕೆ ನನಗೇನು ಮುಖವಿದೆ? ತೂಕ ಇಳಿಸಬೇಕೆಂದು ನನಗೂ ಡಾಕ್ಟರು ಹೇಳಿ ಬಹಳ ದಿನವಾಯಿತು. ಮನೆಯಲ್ಲಿ ಎಲ್ಲರಿಗೂ ಹೋಳು ಹೆಚ್ಚಿ ಕೊಟ್ಟು, "ನನಗೆ ವಾಟೆ ಸಾಕು" ಎಂದು ತ್ಯಾಗಮಯಿಯಂತೆ ಅಡುಗೆಮನೆಯಲ್ಲೇ ನಿಲ್ಲುತ್ತೇನೆ. ಆದರೆ ಹೆಚ್ಚುವವಳು ನಾನೇ ಆದ್ದರಿಂದ ವಾಟೆಯ ಸುತ್ತ ಎಷ್ಟು ತಿರುಳು ಉಳಿಯಬೇಕೆಂಬುದು ನನ್ನ ಕೈಯಲ್ಲೇ ಇರುತ್ತದೆ.

ಹಣ್ಣಿನ ವಿಚಾರಕ್ಕೆ ಬಂದರೆ ನಮ್ಮ ಜಿಲ್ಲೆಯ ಜನ ಬಹಳ ಹಟದವರು. ಬಾದಾಮಿ ಬಿಟ್ಟರೆ ಹಣ್ಣೇ ಇಲ್ಲ ಎನ್ನುವವರು ದುರ್ಗದಲ್ಲಿ ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ಹಿರಿಯೂರಿನ ಕಡೆ ಹೋದರೆ ಆಂಧ್ರದಿಂದ ಬರುವ ಬೇನಿಷಾದ ಮುಂದೆ ನಿಮ್ಮ ಬಾದಾಮಿ ಯಾವ ಲೆಕ್ಕ ಎನ್ನುತ್ತಾರೆ. ನಾರಿಲ್ಲ, ಹೋಳು ಮಾಡಿದರೆ ಬೆಣ್ಣೆ. ಹೊಳಲ್ಕೆರೆಯಲ್ಲಿ ರಸ್ತೆ ಬದಿಗೆ ರಾಶಿ ಹಾಕಿಕೊಂಡು ಕುಳಿತವರು ರಸಪುರಿಯನ್ನು ಮೂಗಿಗೇ ಹಿಡಿಯುತ್ತಾರೆ. ರಸಪುರಿಯನ್ನು ಹೆಚ್ಚಿದರೆ ಅದಕ್ಕೆ ಅವಮಾನ, ಹಿಚುಕಿ ತೊಟ್ಟು ಕಿತ್ತು ಬಾಯಿಗಿಟ್ಟುಕೊಳ್ಳಬೇಕು. ಗಿಣಿಮೂತಿಗೆ ಹಣ್ಣಾಗುವ ಭಾಗ್ಯವೇ ಕಡಿಮೆ. ಕಾಯಿಯಿದ್ದಾಗಲೇ ಸೀಳಿ ಉಪ್ಪು ಖಾರ ಹಚ್ಚಿ ಬಸ್ಸಿನ ಕಿಟಕಿಗೆ ಒಡ್ಡಿಬಿಡುತ್ತಾರೆ. ಎಲ್ಲ ಮುಗಿದ ಮೇಲೆ ಮಲ್ಲಿಕಾ ಬರುತ್ತದೆ, ಮದುವೆ ಊಟ ಮುಗಿದ ಮೇಲೆ ಬಂದ ನೆಂಟರ ಹಾಗೆ. ಆದರೂ ಅದರ ಸಿಹಿಗೆ ಎಲ್ಲ ತಪ್ಪೂ ಮಾಫಿ.

ಇವೆಲ್ಲ ಅಂಗಡಿಯ ಹೆಸರುಗಳು. ನಾನು ಮೊದಲು ಕಲಿತ ಮಾವಿನ ಹೆಸರುಗಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಹತ್ತಿರ ನಮ್ಮ ದೊಡ್ಡಪ್ಪನ ಊರು. ಬೇಸಿಗೆ ರಜೆಗೆ ಅಲ್ಲಿಗೆ ಹೋದರೆ ಹೊಲದ ಬದುವಿನ ಒಂದೊಂದು ನಾಟಿ ಮರಕ್ಕೂ ಒಂದೊಂದು ಹೆಸರಿತ್ತು. ಒಣಕೊಬ್ಬರಿಯಂತೆ ಅಗಿಯಬೇಕಾದ್ದು ಕೊಬ್ಬರಿ ಮರ. ಕಿವುಚಿದರೆ ಸೋಂಪಿನ ವಾಸನೆ ಬರುವುದು ಸೋಂಪಿನ ಮರ. ಮೇಲೆ ಹಸಿರಾಗಿಯೇ ಇದ್ದು ಒಳಗೊಳಗೇ ಹಣ್ಣಾಗಿ ಮಕ್ಕಳನ್ನು ಏಮಾರಿಸುತ್ತಿದ್ದದ್ದು ಕಳ್ಳಮರ. ಮೊದಲ ಫಲ ತಿಂದವರು ಬಾಯಿಗೆ ಬಂದ ಹೆಸರಿಟ್ಟರೆ ಊರಿಗೆಲ್ಲ ಅದೇ ಹೆಸರು. ಕಾಯಿ ಕಿತ್ತು ಹಣ್ಣಾಗಲೆಂದು ರಾಗಿ ಹುಲ್ಲಿನಲ್ಲಿ ಅಡೆ ಹಾಕಿದ ಕೋಣೆಗೆ ದೊಡ್ಡಮ್ಮ ಬೀಗ ಹಾಕುತ್ತಿದ್ದಳು. ಬೀಗ ಬಾಗಿಲಿಗಿತ್ತು, ವಾಸನೆಗೆ ಇರಲಿಲ್ಲ. ನಾವು ಹೊಸ್ತಿಲ ಸಂದಿಗೆ ಮೂಗಿಟ್ಟು ಮಲಗಿ ಇವತ್ತು ಯಾವ ಮರದ್ದು ಹಣ್ಣಾಗಿದೆ ಎಂದು ಪಂದ್ಯ ಕಟ್ಟುತ್ತಿದ್ದೆವು. ಸೊನೆ ತಾಗಿ ನನ್ನ ತುಟಿಯ ಅಂಚು ರಜೆ ಮುಗಿಯುವವರೆಗೂ ಸುಟ್ಟುಕೊಂಡೇ ಇರುತ್ತಿತ್ತು.

ಮಾವಿನ ವೈದ್ಯಶಾಸ್ತ್ರವೂ ದೊಡ್ಡಮ್ಮನ ಇಲಾಖೆಯೇ. ಹಣ್ಣನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಡದೆ ತಿನ್ನಕೂಡದು, ಉಷ್ಣ. ತಿಂದ ಮೇಲೆ ಹಾಲು ಕುಡಿಯಬೇಕು, ತಂಪು. ಬಿಸಿಲು ಬಡಿದು ಬಂದವರಿಗೆ ಕಾಯಿಯನ್ನು ಕೆಂಡದಲ್ಲಿ ಸುಟ್ಟು, ತಿರುಳು ಕಿವುಚಿ, ಬೆಲ್ಲ ಹಾಕಿ ಪಾನಕ. ಹೊಟ್ಟೆ ಕೆಟ್ಟರೆ ವಾಟೆಯೊಳಗಿನ ಬೀಜ ಒಣಗಿಸಿ ಪುಡಿ ಮಾಡಿ ಮಜ್ಜಿಗೆಯಲ್ಲಿ. ಮುಂದೆ ನಾನು ಓದಿದ ಪುಸ್ತಕಗಳಲ್ಲಿ ಮಾವಿನಲ್ಲಿ ಎ ಜೀವಸತ್ವ ಇದೆ, ಸಿ ಇದೆ, ನಾರಿನಂಶ ಇದೆ, ಕಣ್ಣಿಗೆ ಚರ್ಮಕ್ಕೆ ಒಳ್ಳೆಯದು ಎಂದೆಲ್ಲ ಇತ್ತು. ಬಕೆಟ್ಟಿನ ವಿಚಾರ ಎಲ್ಲೂ ಇರಲಿಲ್ಲ. ನೀರಲ್ಲಿಟ್ಟರೆ ತೊಟ್ಟಿನ ಸೊನೆ ತೊಳೆದುಹೋಗುತ್ತದಲ್ಲ, ಅದಕ್ಕೇ ಇರಬಹುದೇ? ಕೇಳೋಣವೆಂದರೆ ಡಾಕ್ಟರಿಗೆ ಬಿಡುವಿಲ್ಲ. ನಾನು ಈಗಲೂ ಬಕೆಟ್ಟಿನಲ್ಲಿ ಮುಳುಗಿಸಿಯೇ ತಿನ್ನುತ್ತೇನೆ.

ಇಂಥ ದೊಡ್ಡಮ್ಮ ಮಾವಿನ ಹಣ್ಣು ತಿನ್ನುವುದನ್ನೇ ಬಿಟ್ಟಳು. ಬಿಟ್ಟದ್ದು ಕಾಶಿಯಲ್ಲಿ.

ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಅಲ್ಲಿ ಬಿಟ್ಟು ಬರಬೇಕೆಂಬ ಪದ್ಧತಿ ನಿಮಗೆ ಗೊತ್ತೇ ಇದೆ. ಒಂದು ತರಕಾರಿ, ಒಂದು ಹಣ್ಣು. ಮತ್ತೆ ಜನ್ಮದಲ್ಲಿ ಅದನ್ನು ಮುಟ್ಟುವ ಹಾಗಿಲ್ಲ. ಊರಿನವರೆಲ್ಲ ಸೇರಿ ಬಸ್ಸು ಮಾಡಿಕೊಂಡು ಹೋದಾಗ ದೊಡ್ಡಪ್ಪ ದೊಡ್ಡಮ್ಮ ಇಬ್ಬರೂ ಹೋಗಿದ್ದರು. ದೊಡ್ಡಪ್ಪ ಬುದ್ಧಿವಂತ. ತರಕಾರಿಯಲ್ಲಿ ಹಾಗಲಕಾಯಿ ಬಿಟ್ಟ. ಮನೆಯಲ್ಲಿ ಹಾಗಲಕಾಯಿ ಮಾಡಿದ ದಿನ ಅವನು ಮೊದಲಿಂದಲೂ ಮಜ್ಜಿಗೆ ಅನ್ನ ಉಂಡು ಏಳುವವನು. ಹಣ್ಣಿನಲ್ಲಿ, ಆ ದಿನ ಬೆಳಿಗ್ಗೆ ಕಾಶಿಯ ಸಂತೆಯಲ್ಲಿ ಮೊದಲ ಸಲ ಕಂಡ, ಹೆಸರೂ ಗೊತ್ತಿಲ್ಲದ ಒಂದನ್ನು ಬಿಟ್ಟ. "ಅದೇ, ಬುಟ್ಟಿಯಾಗೆ ಕೆಂಪಗೆ ಇಟ್ಟಿದ್ರಲ್ಲ, ಅದು," ಎಂದು ಗಂಗೆಗೆ ಗುರುತು ಹೇಳಿದನಂತೆ.

ಪಕ್ಕದಲ್ಲಿ ನಿಂತ ದೊಡ್ಡಮ್ಮ ಮಾವಿನ ಹಣ್ಣು ಬಿಟ್ಟಳು. ವಾಪಸು ಬಂದ ಮೇಲೆ ಮನೆಯವರೆಲ್ಲ ತಲೆ ಚಚ್ಚಿಕೊಂಡರು. ಪರಂಗಿ ಬಿಡಬಹುದಿತ್ತು, ಸೀಬೆ ಬಿಡಬಹುದಿತ್ತು.

"ಇಷ್ಟ ಇರಾದು ಬಿಡು ಅಂದ್ರೆ ಪರಂಗಿ ಬಿಡ್ಲಾ?" ಎಂದಳು ಅವಳು. "ಗಂಗೆ ಮುಂದೆ ನಿಂತ್ಕಂಡು ಸುಳ್ಳು ಹೇಳಾಕೆ ಆಗ್ತದೇನವ್ವಾ?"

ದೊಡ್ಡಪ್ಪ ಆಗ ಕೆಮ್ಮಿಕೊಂಡು ಹಟ್ಟಿಯ ಕಡೆ ಹೋದ.

ಬಿಟ್ಟದ್ದು ಹಣ್ಣು, ಕಾಯಲ್ಲ. ಹಾಗಾಗಿ ಉಪ್ಪಿನಕಾಯಿ, ಮಾವಿನಕಾಯಿ ಚಿತ್ರಾನ್ನ, ಗೊಜ್ಜು ಇವಕ್ಕೆ ಅಡ್ಡಿಯಿರಲಿಲ್ಲ. ಆದರೆ ದೋರೆಗಾಯಿ? ಅರ್ಧ ಕಾಯಿ, ಅರ್ಧ ಹಣ್ಣು. ಕಾಯಿಯ ಕಡೆಯ ಅರ್ಧ ತಿನ್ನಬಹುದಲ್ಲ ಎಂದು ನಾನೇ ವಾದಿಸಿದ್ದೆ. "ಅನುಮಾನ ಇದ್ದಿದ್ದು ಬ್ಯಾಡ" ಎಂದು ಎತ್ತಿಟ್ಟಳು. ಅವಳ ಮಗ ಬಸಣ್ಣ ಒಮ್ಮೆ ಪೇಟೆಯಿಂದ ಬಾಟಲಿ ಜ್ಯೂಸು ತಂದು, "ಕುಡಿಯವ್ವ, ಇದ್ರಾಗೆ ಹಣ್ಣೇ ಇಲ್ಲ, ಬರೀ ಬಣ್ಣ" ಎಂದ. ಅವಳು ಮುಚ್ಚಳ ತೆಗೆದು ಮೂಸಿ, ಹಾಗೇ ಮುಚ್ಚಿ ಕೊಟ್ಟಳು. ಸೀಕರಣೆ ಮಾಡಿದ ದಿನ ಎಲ್ಲರ ಎಲೆಗೂ ತಾನೇ ಬಡಿಸುತ್ತಾಳೆ, ರುಚಿ ಸರಿಯಾಗಿದೆಯಾ ಎಂದು ಎಲ್ಲರ ಮುಖ ನೋಡುತ್ತಾಳೆ.

ಮುಂದೆ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಬಂತು. ನೋಡಿ, ದೇವರ ನ್ಯಾಯ ಕೆಲವು ಸಲ ಎಷ್ಟು ಚೊಕ್ಕವಾಗಿರುತ್ತದೆ. ಮಾವಿನ ಹಣ್ಣಿಗೆ ಡಾಕ್ಟರು ಕಡಿವಾಣ ಹಾಕಿದರು. ಊರಿನವರೆಲ್ಲ ಹಾಗಲಕಾಯಿ ರಸ ಕುಡಿ ಎಂದರು. "ಅಯ್ಯೋ, ಕಾಶಿಲಿ ಬಿಟ್ಟೀನಲ್ಲಪ್ಪ, ಹೆಂಗೆ ಮುಟ್ಲಿ" ಎಂದು ದೊಡ್ಡಪ್ಪ ಭಕ್ತಿಯಿಂದ ಕೈ ಮುಗಿದ. ಅಷ್ಟರಮಟ್ಟಿಗೆ ಗೆದ್ದ. ಆದರೆ ಮಾವಿನ ಹಣ್ಣು ಅವನ ಪಾಲಿಗೂ ಹೋಯಿತು. ವೈದ್ಯರ ಲೆಕ್ಕದಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಸಣ್ಣ ಹೋಳು ತಿನ್ನಬಹುದಿತ್ತು. ದೊಡ್ಡಪ್ಪನಿಗೆ ಒಂದು ಹೋಳು ಎಂದರೆ ಬಾಗಿಲು ತೆಗೆದ ಹಾಗೆ ಎಂದು ಬಲ್ಲ ಸೊಸೆ ಸವಿತಕ್ಕ, ಬಾಗಿಲನ್ನೇ ಮುಚ್ಚಿದಳು.

ಈ ಮಧ್ಯೆ ಹಿತ್ತಲಿನಲ್ಲಿ ಬಚ್ಚಲ ನೀರು ಹರಿಯುವ ಕಡೆ ಒಂದು ಮಾವಿನ ಸಸಿ ಎದ್ದಿತ್ತು. ಕಾಶಿಗೆ ಹೋಗುವ ಮುಂಚಿನ ಬೇಸಿಗೆಯಲ್ಲಿ ದೊಡ್ಡಮ್ಮ ರಸಪುರಿ ತಿಂದು ವಾಟೆಯನ್ನು ಅಲ್ಲೇ ಎಸೆದಿದ್ದಳಂತೆ. "ನಾನು ತಿಂದ ಕಡೇ ಹಣ್ಣು ಅದೇ ಇರ್ಬೇಕು" ಎನ್ನುತ್ತಿದ್ದಳು. ಅದಕ್ಕೆ ಬೇಲಿ ಕಟ್ಟಿದಳು, ಕುರಿಗಳಿಂದ ಕಾದಳು, ಪಾತ್ರೆ ತೊಳೆದ ನೀರು ಸುರಿದಳು. ಅದು ಮರವಾಗುವ ಹೊತ್ತಿಗೆ ಬಸಣ್ಣ ಟ್ರ್ಯಾಕ್ಟರ್ ಕೊಂಡಿದ್ದ. ಶೆಡ್ಡಿಗೆ ಸರಿಯಾದ ಜಾಗ ಎಂದರೆ ಮರ ನಿಂತ ಜಾಗವೇ.

"ನಾಟಿ ಗಿಡ ಕಣವ್ವ. ಹಣ್ಣು ಹೆಂಗಿರ್ತೈತೋ ಏನೋ, ಕಡಿಯಾಣ," ಎಂದ ಬಸಣ್ಣ.

"ಒಂದು ಫಲ ನೋಡಾಣ ತಡಿ. ಚೆನ್ನಾಗಿದ್ರೆ ಮರ ಇರ್ಲಿ. ಇಲ್ಲಾಂದ್ರೆ ನಿನ್ನ ಶೆಡ್ಡು ಹಾಕ್ಕ," ಎಂದಳು ದೊಡ್ಡಮ್ಮ.

ಬೇವು ಬಿತ್ತಿ ಮಾವು ಬೆಳೆಯಲಾಗುವುದಿಲ್ಲ ಎಂಬ ಗಾದೆಯಿದೆ. ಮಾವು ಬಿತ್ತಿದರೂ ಅದೇ ಮಾವು ಬೆಳೆಯುವ ಭರವಸೆಯಿಲ್ಲ ಎಂಬುದು ಗಾದೆ ಕಟ್ಟಿದವರಿಗೆ ಗೊತ್ತಿತ್ತೋ ಇಲ್ಲವೋ. ರಸಪುರಿಯ ವಾಟೆಯಿಂದ ರಸಪುರಿಯೇ ಹುಟ್ಟುತ್ತದೆ ಎಂದು ಹೇಳಲಾಗದು. ಅದಕ್ಕೇ ಕಸಿ ಕಟ್ಟುವುದು. ವಾಟೆಯಿಂದ ಎದ್ದ ಮರ ತಾಯಿಯಂತಿರಬಹುದು, ಹೂವಿನ ಕಾಲದಲ್ಲಿ ಗಾಳಿಗೋ ನೊಣಕ್ಕೋ ಸಿಕ್ಕ ಯಾವ ಮರದಂತೆ ಬೇಕಾದರೂ ಇರಬಹುದು, ಯಾರಂತೆಯೂ ಇಲ್ಲದಿರಬಹುದು. ಮೊದಲ ಹಣ್ಣು ತಿನ್ನುವವರೆಗೆ ಯಾರಿಗೂ ತಿಳಿಯದು. ಈ ವಿಷಯ ನನಗೆ ಯಾವತ್ತೂ ಸೋಜಿಗವೇ. ದೊಡ್ಡಮ್ಮನಿಗೆ ಸೋಜಿಗದ ಜತೆ ಸಂಕಟ. ತಾನೇ ಬೆಳೆಸಿದ ಮರ, ತಾನು ಕಡೆಯ ಸಲ ತಿಂದ ರುಚಿ ಅದರಲ್ಲಿ ಉಳಿದಿದೆಯೋ ಇಲ್ಲವೋ ಎಂದು ತಿಂದು ನೋಡುವ ಹಾಗಿಲ್ಲದವಳು ಅವಳೊಬ್ಬಳೇ.

ಈ ವರ್ಷ ಮರ ಫಲ ಬಿಟ್ಟಿತು. ಯಾರೂ ಹಸಿಗಾಯಿ ಮುಟ್ಟಕೂಡದೆಂದು ದೊಡ್ಡಮ್ಮ ಕಟ್ಟಪ್ಪಣೆ ಮಾಡಿದ್ದಳು. ಉಪ್ಪಿನಕಾಯಿಗೆಂದು ತಾನೂ ಒಂದು ಕಾಯಿ ಕೀಳಲಿಲ್ಲ. ಹಣ್ಣಾಗಲಿ, ಮನೆಯವರು ತಿನ್ನಲಿ ಎಂದು. ಕೆಳಗಿನ ಕೊಂಬೆಯ ಬಲಿತ ಕಾಯಿಗಳನ್ನು ಇಳಿಸಿ ಅಡೆ ಹಾಕಿದರು. ನಾನು ದೊಡ್ಡಪ್ಪನ ಸಕ್ಕರೆ ನೋಡಲೆಂದು ಯಂತ್ರ ಹಿಡಿದುಕೊಂಡು ಹೋದ ಭಾನುವಾರ, ಹಣ್ಣು ಬುಟ್ಟಿಯಲ್ಲಿದ್ದವು. ನೋಡಲು ಲಕ್ಷಣವಾಗಿದ್ದವು. ಕೆನ್ನೆಯ ಮೇಲೆ ಕೆಂಪು ಬೇರೆ.

"ಬಾರವ್ವಾ ಸುಮಿ, ಕುಂತ್ಕ," ಎಂದು ದೊಡ್ಡಮ್ಮ ನನ್ನನ್ನು ಬುಟ್ಟಿಯ ಮುಂದೆಯೇ ಕೂರಿಸಿದಳು. "ಬಸಣ್ಣ ಸಕ್ಕರೆ ಅಂದ. ಸವಿತ ರಸಪುರಿನೇ ಅತ್ತೆ ಅಂದ್ಲು. ಪಕ್ಕದ ಮನೆಯೋರು ಬಾದಾಮಿಗಿಂತ ಒಂದು ಕೈ ಮೇಲೆ ಅಂದ್ರು."

"ಮತ್ತಿನ್ನೇನು ದೊಡ್ಡಮ್ಮ?"

"ಮೂರು ದಿನ ಆತು. ಬುಟ್ಟಿ ಹಂಗೇ ಐತೆ," ಎಂದಳು. "ಸಕ್ಕರೆಯಂಥ ಹಣ್ಣು ಈ ಮನ್ಯಾಗೆ ಮೂರು ದಿನ ಯಾವತ್ತು ಉಳಿದಿತ್ತು? ನೀನು ರಕ್ತದಾಗೆ ಇರಾದನ್ನೇ ಅಳೆದು ಹೇಳೋಳು. ಇದನ್ನ ತಿಂದು ಹೇಳು ನೋಡಾಣ."

ಅಡುಗೆಮನೆಯ ಬಾಗಿಲಲ್ಲಿ ಸವಿತಕ್ಕ ನಿಂತಿದ್ದಳು. ಅವಳ ಕಣ್ಣು ನನ್ನ ಕಡೆ ಒಂದು ಸಲ ಅಗಲವಾಯಿತು. ಜಗಲಿಯಲ್ಲಿ ಬಸಣ್ಣ ಪೇಪರು ಓದುವುದನ್ನು ನಿಲ್ಲಿಸಿದ. ನಾನು ಹಣ್ಣು ಹಿಚುಕಿ ಬಾಯಿಗಿಟ್ಟೆ.

ದೇವರೇ, ಅದೇನು ಹುಳಿ. ಕಿವಿಯ ಹಿಂದಿನ ನರ ಸೆಳೆಯಿತು. ಕಣ್ಣಲ್ಲಿ ನೀರು ಬಂತು. ಆ ನೀರಿನಲ್ಲೇ ನನಗೆ ಎಲ್ಲ ಅರ್ಥವಾಯಿತು. ಶೆಡ್ಡು ಬೇಕಾದವನೇ ಬಸಣ್ಣ. ಹುಳಿ ಎಂದು ಒಂದು ಮಾತು ಆಡಿದ್ದರೆ ಜಾಗ ಅವನದಾಗುತ್ತಿತ್ತು. ಅವನೇ ಎಲ್ಲರಿಗಿಂತ ಮೊದಲು ಸಕ್ಕರೆ ಅಂದಿದ್ದಾನೆ. ಬಸಣ್ಣನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ದೊಡ್ಡಮ್ಮ ಕಾಯುತ್ತಿದ್ದಳು. ಅವಳಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ನಿಜ ಹೇಳಿದರೆ ಮರ ಹೋಗುತ್ತದೆ. ನಾನು ಪುಸ್ತಕಕ್ಕೆ ಶರಣಾದೆ.

"ಇದರಲ್ಲಿ ಸಿ ಜೀವಸತ್ವ ಚೆನ್ನಾಗಿದೆ ದೊಡ್ಡಮ್ಮ. ಎ ಕೂಡ ಇರುತ್ತೆ. ಕಣ್ಣಿಗೆ ಒಳ್ಳೆಯದು. ನಾರು ಇರುವುದರಿಂದ ಹೊಟ್ಟೆಗೂ…"

"ನಾನು ರುಚಿ ಕೇಳಿದ್ದು," ಎಂದಳು ದೊಡ್ಡಮ್ಮ.

"ಚರ್ಮಕ್ಕೂ ಒಳ್ಳೆಯದು," ಎಂದೆ ನಾನು.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ದೊಡ್ಡಪ್ಪ ಬಂದ. ಮುಖವೆಲ್ಲ ಕಣ್ಣು ಮೂಗು ಒಂದೇ ಕಡೆ ಸೇರಿದಂತೆ ಮುದುಡಿಕೊಂಡಿತ್ತು. ಒಂದು ಕೈ ಪಂಚೆಯ ಮರೆಯಲ್ಲಿತ್ತು. ಸಿಹಿ ಸಿಹಿ ಎಂದು ಮನೆಯವರೆಲ್ಲ ಹೊಗಳಿದ ಮೇಲೆ, ಅದೇ ಕಾರಣಕ್ಕೆ ಸವಿತಕ್ಕ ಅವನಿಗೆ ಒಂದು ಹೋಳನ್ನೂ ತೋರಿಸಿರಲಿಲ್ಲ. ಮೂರು ದಿನ ಆ ವಾಸನೆಯಲ್ಲೇ ಮಲಗಿ ಎದ್ದ ದೊಡ್ಡಪ್ಪ, ನಾನು ಬಂದ ಗಡಿಬಿಡಿಯಲ್ಲಿ ಬುಟ್ಟಿಯಿಂದ ಒಂದನ್ನು ಎತ್ತಿಕೊಂಡು ಬಚ್ಚಲ ಹಿಂದೆ ಹೋಗಿ ಕಚ್ಚಿಬಿಟ್ಟಿದ್ದ. ಕಳ್ಳತನ ಒಪ್ಪಿಕೊಳ್ಳದೆ ದೂರು ಕೊಡುವ ದಾರಿ ಇರಲಿಲ್ಲ. ಆದರೆ ಅವನ ಸಿಟ್ಟು ಅಂಜಿಕೆಗಿಂತ ದೊಡ್ಡದಿತ್ತು.

"ಇದುಕ್ಕೇನ್ರಲೇ ನನ್ನ ಮೂರು ದಿನದಿಂದ ಕಾಯ್ತಿದ್ದಿದ್ದು?" ಎಂದು ಕಚ್ಚಿದ ಹಣ್ಣನ್ನು ಪಂಚೆಯ ಮರೆಯಿಂದ ತೆಗೆದು ತೋರಿಸಿದ. "ಹುಣಸೆಹಣ್ಣು ಇದ್ರ ಮುಂದೆ ಬೆಲ್ಲ. ಸಿಹಿಯಂತೆ ಸಿಹಿ."

ಸವಿತಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಯಂತ್ರವನ್ನು ಚೀಲದೊಳಗೆ ವಾಪಸು ಇಟ್ಟೆ, ಖಾಲಿ ಹೊಟ್ಟೆಯ ಪರೀಕ್ಷೆ ಅಂದಿಗೆ ಮುಗಿದಿತ್ತು. ದೊಡ್ಡಮ್ಮ ಎದ್ದು ಜಗಲಿಗೆ ಹೋಗಿ ಮಗನ ಮುಂದೆ ನಿಂತಳು.

"ಹುಳಿನಾ?"

ಬಸಣ್ಣ ಪೇಪರಿನ ಹಿಂದಿನಿಂದಲೇ, "ಮರ ಇರ್ಲಿ ಬಿಡವ್ವ, ನೆರಳಾದ್ರೂ ಆಗ್ತೈತೆ. ಶೆಡ್ಡು ಆ ಕಡೆ ಹಾಕಾಣ," ಎಂದ.

"ನಾನು ಕೇಳಿದ್ದು ಅದಲ್ಲ. ಹಣ್ಣಾದ್ರೂ ಹುಳಿನಾ?"

"ಹೂಂ ಕಣವ್ವ. ಬಾಯಿಗೆ ಇಡಾಕೆ ಆಗಲ್ಲ."

ಅವಳ ಮುಖ ಬಾಡುತ್ತದೆ ಎಂದುಕೊಂಡು ನಾನು ಹತ್ತಿರ ಹೋದೆ. ಅವಳು ನಗುತ್ತಿದ್ದಳು.

"ಇದನ್ನ ಮೊದ್ಲೇ ಹೇಳಾಕೆ ನಿಮಗೇನಾಗಿತ್ತು? ಸಿಹಿ ಹಣ್ಣಿನ ಮರದಾಗೆ ಹಸಿಗಾಯಿ ಹೆಂಗೆ ಕೀಳಾದು, ನೀವು ತಿನ್ನಾದು ತಪ್ಪತೈತೆ ಅಂತ ನಾನು ಕೈ ಕಟ್ಕಂಡು ಕುಂತೀನಿ. ಹಣ್ಣಾದ್ರೂ ಹುಳಿ ಅಂದ್ರೆ ಇದು ಕಾಯಿ ಮರ. ಹಣ್ಣಾಗಾಕೆ ಯಾಕೆ ಬಿಡಬೇಕು? ಬಸಣ್ಣ, ದೋಟಿ ತಗಂಬಾ."

ಮೇಲಿನ ಕೊಂಬೆಗಳಲ್ಲಿ ತಡವಾಗಿ ಮೂಡಿದ ಕಾಯಿಗಳು ಇನ್ನೂ ಹಸಿರಾಗಿ ತೂಗುತ್ತಿದ್ದವು. ಬಸಣ್ಣ ದೋಟಿ ಹಿಡಿದು ಬೇಕಾದಷ್ಟು ಇಳಿಸಿದ. ದೊಡ್ಡಮ್ಮ ಈಳಿಗೆ ಮಣೆಯ ಮುಂದೆ ಕುಳಿತು ಒಂದು ಕಾಯಿಯನ್ನು ತೆಳ್ಳಗೆ ಹೆಚ್ಚಿ, ಉಪ್ಪು, ಒಣಮೆಣಸಿನ ಪುಡಿ ಸವರಿ ತಟ್ಟೆಯಲ್ಲಿಟ್ಟಳು. ಮೊದಲ ಹೋಳನ್ನು ತಾನೇ ಬಾಯಿಗಿಟ್ಟುಕೊಂಡಳು. ಕಣ್ಣು ಗಟ್ಟಿಯಾಗಿ ಮುಚ್ಚಿದವು, ಭುಜ ಕಿವಿಯವರೆಗೆ ಏರಿತು. ನಾವೆಲ್ಲ ಅವಳ ಬಾಯನ್ನೇ ನೋಡುತ್ತ ನಿಂತೆವು. ಇಷ್ಟು ವರ್ಷ ನಮ್ಮ ಬಾಯಿ ನೋಡಿಕೊಂಡು ಅವಳು ನಿಂತಿರುತ್ತಿದ್ದಳು.

"ರಸಪುರಿ ಅಲ್ಲ," ಎಂದಳು ಕೊನೆಗೆ, ಇನ್ನೂ ಕಣ್ಣು ಬಿಡದೆ. "ಬದುವಿನ ಯಾವ ಮರದ್ದೂ ಅಲ್ಲ. ಇದು ಬ್ಯಾರೆನೇ ಐತೆ." ಇನ್ನೊಂದು ಹೋಳು ತೆಗೆದುಕೊಂಡಳು.

ದೊಡ್ಡಪ್ಪ ಜನ್ಮದಲ್ಲಿ ಹಸಿಗಾಯಿ ತಿಂದವನಲ್ಲ. ಕಾಯಿ ತಿನ್ನುವುದು ಕುರಿ ಮೇಕೆ ಕೆಲಸ ಎನ್ನುತ್ತಿದ್ದವನು. ಅವನ ಕೈ ಮೆಲ್ಲಗೆ ತಟ್ಟೆಯ ಕಡೆ ಬಂತು. ಸವಿತಕ್ಕ ಅಭ್ಯಾಸಬಲದಿಂದ "ಮಾವಾ, ನಿಮಗೆ…" ಎಂದು ಬಾಯಿ ತೆರೆದವಳು ನನ್ನ ಮುಖ ನೋಡಿದಳು. ಆ ಹುಳಿಯ ಎರಡು ಹೋಳಿಗೆ ಅಡ್ಡಿಯಿಲ್ಲವೆಂದು ನಾನು ತಲೆಯಾಡಿಸಿದೆ. ದೊಡ್ಡಪ್ಪ ಮಾತ್ರ ಬೈಗುಳಕ್ಕೆ ಕಾದವನಂತೆ ಕೈಯನ್ನು ಅರ್ಧದಲ್ಲೇ ನಿಲ್ಲಿಸಿದ್ದ.

ದೊಡ್ಡಮ್ಮ ಕಣ್ಣು ಬಿಟ್ಟು ನೋಡಿ, ತಟ್ಟೆಯನ್ನು ಅವನ ಕಡೆಗೆ ಸರಿಸಿದಳು.

"ತಗಳ್ರಿ," ಎಂದಳು. "ಇದನ್ನ ನಾವಿಬ್ರೂ ಎಲ್ಲೂ ಬಿಟ್ಟಿಲ್ಲ."